ಪಾತ್ರೆ ಮೆಷೀನಿಗೆ ಬಿದ್ದ ಹಸಿರು ಲಾರಿ

ಎಲ್ವುಡ್ ಬ್ರೂಬೇಕರ್ ಅಡುಗೆಮನೆ ಬಾಗಿಲಲ್ಲೇ ಕಂಬದ ಹಾಗೆ ನಿಂತುಬಿಟ್ಟ. ಪಾತ್ರೆ ತೊಳೆಯುವ ಮೆಷೀನು ಬಾಯಿ ತೆರೆದುಕೊಂಡಿತ್ತು. ಒಳಗೆ ಕಾಫಿ ಕಪ್ಪುಗಳ ನಡುವೆ ಎರಡು ಆಟಿಕೆ ಲಾರಿಗಳು ಹಬೆಯಾಡುತ್ತಿದ್ದವು. ಒಂದು ಹಸಿರು, ಒಂದು ಕೆಂಪು.

"ಅರ್ಲೀನ್, ಏನಿದು?" ಅಂತ ಹೆಂಡತಿಯನ್ನು ಕೇಳಿದ.

"ಲಾರಿ. ನಿನ್ನ ಮೊಮ್ಮಗಳು ಎರಡನ್ನೂ ಕೆಸರಿಗೆ ಇಳಿಸಿದ್ದಳು. ಸಣ್ಣ ಮಕ್ಕಳಿಗೆ ಅಂತಲೇ ಮಾಡಿದ ಸಾಮಾನು. ಸಣ್ಣ ಮಗು ಆಡಿದ್ರೆ ಆಕಾಶ ಬೀಳತ್ತಾ?"

ಬಿತ್ತು. ಎಲ್ವುಡ್‌ನ ತಲೆ ಮೇಲೇ ಬಿತ್ತು.

ಹಳೇ ಎರಕದ ಆಟಿಕೆ ಲಾರಿ ಸಂಗ್ರಹಿಸುವವರಿಗೆ ಬಣ್ಣವೇ ಪ್ರಾಣ. ಅಲ್ಲಲ್ಲಿ ಉದುರಿದ್ದರೂ ಅಡ್ಡಿಯಿಲ್ಲ, ಕಾರ್ಖಾನೆಯ ಒಲೆಯಲ್ಲಿ ಬೆಂದು ಕೂತ ಮೊದಲ ಬಣ್ಣವೇ ಇರಬೇಕು. ಮೇಲೆ ಯಾರಾದರೂ ಕುಂಚ ಆಡಿಸಿದ್ದರೆ ಆ ಲಾರಿ ಕುಲಗೆಟ್ಟಿತು ಅಂತಲೇ ಲೆಕ್ಕ. ಹಾಲಿನ ಲಾರಿಗಳೆಲ್ಲ ಕೆಂಪಗೇ ಹುಟ್ಟಿದ್ದವು, ಹಸಿರಿನದು ಲಕ್ಷಕ್ಕೊಂದು. ಎಲ್ವುಡ್‌ನ ಗಾಜಿನ ಕಪಾಟಿನಲ್ಲಿ ಅಂಥದೊಂದಿತ್ತು. ಹೋದ ತಿಂಗಳು ಫೈರ್ ಸ್ಟೇಷನ್ ಹಾಲಿನಲ್ಲಿ ಲ್ಯಾಂಕಾಸ್ಟರ್ ಲಾರಿ ಸಂಘ ಸೇರಿದಾಗ ಗೆಳೆಯ ಆರ್ವಿಲ್ ಕೂಡ ಒಂದು ಹಸಿರು ಲಾರಿ ತಂದ. ಎಲ್ವುಡ್ ಅದನ್ನು ಮೂಸಿದ (ಬಣ್ಣದ ಜಾತಕ ಮೂಗಿನಿಂದಲೇ ಹೇಳುವ ಮಹಾವಿದ್ಯೆ ತನಗೆ ಒಲಿದಿದೆ ಅಂತ ಅವನ ನಂಬಿಕೆ), ಎಲ್ಲರೆದುರೂ "ಮೇಲ್ಬಣ್ಣ" ಅಂತ ತೀರ್ಪು ಕೊಟ್ಟ. ಆರ್ವಿಲ್ ಉರಿದುಹೋಗಿ, "ಹಾಗಾದ್ರೆ ನಿನ್ನ ಮೊಮ್ಮಗಳಿಗೇ ಕೊಡು, ಆಡಿಕೊಳ್ಳಲಿ" ಅಂತ ಲಾರಿಯನ್ನು ಇವನ ಮಡಿಲಿಗೆ ಎಸೆದು ಹೋಗಿದ್ದ.

ಇವತ್ತು ಸಂಜೆ ಸಂಘ ತನ್ನ ಬಣ್ಣದ ಪರೀಕ್ಷಕರನ್ನು ಆರಿಸಲಿತ್ತು. ಎಲ್ವುಡ್‌ನದು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ.

ಅವನು ಹಸಿರು ಲಾರಿ ಎತ್ತಿಕೊಂಡ.

"ಸದ್ಯ, ನನ್ನದು ಉಳೀತು. ನೋಡು, ಅಸಲಿ ಬಣ್ಣ ಅಂದ್ರೆ ಇದು. ಆರ್ವಿಲ್‌ದರ ಹಸಿರು ತೊಳೆದುಹೋಗಿ ಒಳಗಿನ ಕೆಂಪು ಬಂತು. ನಾನು ಹೇಳಿರಲಿಲ್ವಾ?"

"ಟಯರ್ ನೋಡು."

"ಟಯರಿಗೇನಾಗಿದೆ?"

"ಹಲ್ಲಿನ ಗುರುತು. ಮಗು ತಿಂಗಳಿಂದ ಕಡೀತಿರೋದು ಆರ್ವಿಲ್ ಲಾರೀನ. ನಿನ್ನದು ಇವತ್ತು ತಾನೇ ಅವಳ ಕೈಗೆ ಸಿಕ್ಕಿದ್ದು, ನೀನು ಕಪಾಟಿಗೆ ಬೀಗ ಹಾಕೋದು ಮರೆತೆಯಲ್ಲ."

ಕೆಂಪು ಲಾರಿಯ ಟಯರುಗಳು ಒಂದು ಹಲ್ಲೂ ತಾಗದೆ ನುಣ್ಣಗಿದ್ದವು. ಮೆಷೀನಿನ ತಳದಲ್ಲಿ ಹಸಿರು ನೀರು ನಿಂತಿತ್ತು.

ಎಲ್ವುಡ್ ಕುರ್ಚಿಗೆ ಕುಸಿದ. "ಯಾರಿಗೂ ಹೇಳಬೇಡ," ಅಂದ.

"ಹೇಳಿಯಾಯ್ತು. ಪಾಪ, ಅವನ ಲಾರಿಗೇನಾಯ್ತೋ ಅಂತ ಹೆದರಿ ಆರ್ವಿಲ್‌ಗೆ ಫೋನ್ ಮಾಡಿದೆ. ಯಾವುದು ಕೆಂಪಾಯ್ತು ಅಂತ ಎರಡೆರಡು ಸಲ ಕೇಳಿದ. ಆಮೇಲೆ ನಗೋಕೆ ಶುರು ಮಾಡಿದ, ನಾನೇ ಫೋನ್ ಇಟ್ಟೆ."

ಹೊರಗೆ ಒಂದರ ಹಿಂದೊಂದು ಕಾರು ಬಂದು ನಿಂತವು. ಮುಂದೆ ಆರ್ವಿಲ್, ಹಿಂದೆ ಇಡೀ ಸಂಘ. ಒಬ್ಬೊಬ್ಬರ ಎದೆಗೂ ಹಳೇ ಟವೆಲಿನಲ್ಲಿ ಸುತ್ತಿದ ಒಂದೊಂದು ಲಾರಿ, ಬಾಣಂತಿಯರು ಕೂಸು ಹಿಡಿದಂತೆ. ಎಲ್ವುಡ್ ಮುಖಕ್ಕೆ ನಗು ಅಂಟಿಸಿಕೊಂಡು ಬಾಗಿಲು ತೆಗೆದ.

"ಬನ್ನಿ, ಬನ್ನಿ. ಕಾಕಂಬಿ ಪೈ ಇದೆ, ತಿನ್ನಿ. ಆರ್ವಿಲ್, ಮನುಷ್ಯನ ಮೂಗು ಅಂದಮೇಲೆ ಒಂದೊಂದ್ಸಲ..."

"ಸ್ವಲ್ಪ ದಾರಿ ಬಿಡು ಮಾರಾಯ," ಅಂದ ಆರ್ವಿಲ್. "ಪರೀಕ್ಷಕರನ್ನ ದಾರೀಲೇ ಆರಿಸಿದ್ವಿ." ಅವನು ಟೋಪಿ ತೆಗೆದು ಅಡುಗೆಮನೆಗೆ ನಡೆದ. "ಅರ್ಲೀನ್, ಈ ಮೆಷೀನಲ್ಲಿ ಒಂದು ಸಲಕ್ಕೆ ಎಷ್ಟು ಲಾರಿ ಹಿಡಿಯತ್ತೆ?"

ಅರ್ಲೀನ್ ಏಪ್ರನ್ನಿಗೆ ಕೈ ಒರೆಸಿಕೊಂಡು ಒಳಗೊಮ್ಮೆ ಬಗ್ಗಿ ನೋಡಿದಳು.

"ಎಲ್ಲಾ ಹಿಡಿಯತ್ತೆ. ಎಲ್ವುಡ್, ಆ ಕಪ್ಪುಗಳನ್ನ ತೆಗೆದು ನೀನು ಕೈಯಲ್ಲಿ ತೊಳಿ."