ಮಾವನ ಬಣ್ಣ

ಎಲ್ಲ ತಾಪತ್ರಯಕ್ಕೂ ಮೂಲ ಬೆಣ್ಣೆಯ ಬಣ್ಣ.

ಮಾವ ತೆಗೆದ ಫೋಟೋಗಳಲ್ಲಿ ಎಂಥ ಸಿಡುಕನ ಮುಖವೂ ಆಗತಾನೇ ಕಡೆದ ಬೆಣ್ಣೆಯ ಹಾಗೆ ಇರುತ್ತಿತ್ತು. ನೆರಳಿನಲ್ಲಿ ಒಂದಿಷ್ಟು ಪಾಚಿಯ ಹಸಿರು, ಬಿಳಿ ಅಂಗಿಯಲ್ಲಿ ಕೆನೆಯ ಛಾಯೆ, ಚಿತ್ರದ ತುಂಬ ಸಣ್ಣ ರವೆ ಉದುರಿಸಿದಂಥ ಕಣ. ಅದು ಮಾವ ಜೀವನವಿಡೀ ಬಳಸಿದ ಒಂದೇ ಒಂದು ಜಾತಿಯ ಫಿಲ್ಮಿನ ಗುಣ. ಆ ಫಿಲ್ಮ್ ತಯಾರಾಗುವುದು ನಿಂತಿತು. ಅದಾದ ಸ್ವಲ್ಪ ದಿನಕ್ಕೆ ಮಾವನೂ ನಿಂತುಹೋದರು. ಉಳಿದದ್ದು ಸ್ಟುಡಿಯೋ, ಸ್ಟುಡಿಯೋದ ಒಡತಿ ಅತ್ತೆ, ಮತ್ತು ಕಂಪ್ಯೂಟರಿನ ಮುಂದೆ ಕೂತ ಅಳಿಯ.

ಅಳಿಯನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಹೆಂಡತಿಯ ಮನೆಗೆ ಬಂದು ಸೇರಿದ ಮೇಲೆ ಬೀದಿಗೆ ಬೀದಿಯೇ ಅವನನ್ನು ಅಳಿಯ ಎಂದಿತು. ಈಗೀಗ ಯಾರಾದರೂ ಹೆಸರು ಹಿಡಿದು ಕರೆದರೆ ಅವನೂ ಬೇರೆಯವರ ಜೊತೆ ಸೇರಿ ಯಾರಿರಬಹುದು ಎಂದು ಸುತ್ತ ನೋಡುತ್ತಿದ್ದ.

ಅವನು ತೆಗೆದ ಫೋಟೋಗಳನ್ನು ಅತ್ತೆ ಕನ್ನಡಕ ಏರಿಸಿ ನೋಡುವರು, ಇಳಿಸಿ ನೋಡುವರು. "ಮುಖ ಹಸಿ ಹಿಟ್ಟಿನ ಹಾಗಿದೆ ಅಳಿಯಂದಿರೇ. ಬೇಯ್ಲೇ ಇಲ್ಲ" ಎನ್ನುವರು. ಗಿರಾಕಿಗಳೂ ಅದನ್ನೇ ಅಂದರು. ಪಕ್ಕದ ಕ್ಷೌರದಂಗಡಿಯವನಂತೂ ಇದೇ ಸಮಯ ಕಾದಿದ್ದ. ನಡುವಿನ ಗೋಡೆ ಒಡೆದರೆ ಅವನ ಅಂಗಡಿಗೆ ಇನ್ನೆರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ ಹಿಡಿಸುತ್ತಿತ್ತು. ದಿನ ಬೆಳಗಾದರೆ ಬಂದು, ಗೋಡೆಗೆ ಕಿವಿಯಿಟ್ಟು ತಟ್ಟಿ, "ಪೊಳ್ಳು ಗೋಡೆ ಅಮ್ಮಾ, ಒಂದೇ ಏಟಿಗೆ ಬೀಳುತ್ತೆ" ಎಂದು ಹೇಳಿ ಹೋಗುವನು. ಅತ್ತೆ ಕೊನೆಗೆ, "ಶನಿವಾರ ಸಂಜೆ ಹೇಳ್ತೀನಿ. ಈ ಹೆಡ್‌ಮಾಸ್ಟರ ಮಗಳ ಮದುವೆ ಆಲ್ಬಮ್ಮಿನಲ್ಲೂ ಬಣ್ಣ ಬರ್ಲಿಲ್ಲ ಅಂದ್ರೆ ಜಾಗ ನಿಂದೇ" ಎಂದುಬಿಟ್ಟರು. ಜಾಗ ಹೋದರೆ ಅಳಿಯನಿಗೆ ಉಳಿಯುವುದು ಮನೆಯ ಪಡಸಾಲೆ, ಮತ್ತು ಕೆಲಸವಿಲ್ಲದ ಮನೆಅಳಿಯ ಎಂಬ ಬಿರುದು. ಅದಕ್ಕಿಂತ ಆ ಗೋಡೆಯ ಕೆಳಗೆ ಸಿಕ್ಕಿ ಸಾಯುವುದು ವಾಸಿ ಎಂದು ಅವನಿಗೆ ಅನ್ನಿಸಿತ್ತು.

ಅದಕ್ಕೇ ಅವನು ಪ್ರಿಸೆಟ್ ಮಾಡಲು ಕೂತ. ಪ್ರಿಸೆಟ್ ಅಂದರೆ ಇಷ್ಟೇ: ಒಂದು ಚಿತ್ರಕ್ಕೆ ಮಾಡಿದ ತಿದ್ದುಪಡಿಗಳನ್ನೆಲ್ಲ ಗಂಟು ಕಟ್ಟಿ, ಹೆಸರು ಕೊಟ್ಟು ಇಡುವುದು. ಆಮೇಲೆ ಯಾವ ಚಿತ್ರದ ಮೇಲೆ ಒತ್ತಿದರೂ ಗಂಟು ಬಿಚ್ಚಿಕೊಂಡು ಅದೇ ಬಣ್ಣ ಹರಡುತ್ತದೆ. ಮಾವನ ಹಳೆಯ ಪ್ರಿಂಟೊಂದನ್ನು ಪರದೆಯ ಪಕ್ಕ ಅಂಟಿಸಿಕೊಂಡ. ಪರೀಕ್ಷೆಗೆ ಒಂದು ಚಿತ್ರ ಬೇಕಲ್ಲ? ಸ್ಟುಡಿಯೋದ ಒಳಕೋಣೆಯಲ್ಲಿ ಮಾವನ ತೋಳುಕುರ್ಚಿ ಇತ್ತು. ಅದರಲ್ಲಿ ಯಾರೂ ಕೂರಕೂಡದು. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರಕೂಡದು, ಧೂಳೇಳುತ್ತದೆ. ಇವೆರಡೂ ಮಾವನ ಕಾಲದ ಕಾನೂನು. ಅಳಿಯ ಬರಿಗಾಲಲ್ಲಿ, ಅಂಗಾಲಿನಿಂದ ಮೊಣಕಾಲಿಗೆ ಏರುವ ನೆಲದ ಥಂಡಿಯನ್ನು ತಡೆದುಕೊಂಡು, ಖಾಲಿ ಕುರ್ಚಿಯ ಎಡಕ್ಕೆ ನಿಂತು, ಟೈಮರ್ ಹಾಕಿ ತನ್ನ ಚಿತ್ರ ತಾನೇ ತೆಗೆದುಕೊಂಡ. ಎಡಗಡೆಯ ದೀಪ ಕೆಟ್ಟಿದ್ದರಿಂದ ತಾನು ಮಾತ್ರ ಕರ್ರಗೆ ಬಂದಿದ್ದ, ಅದನ್ನೂ ಸರಿಮಾಡಿಕೊಂಡ. ಊಟ ತಿಂಡಿ ಮರೆತು ಬಣ್ಣ ಎಳೆದಾಡಿದ. ಕೊನೆಗೊಂದು ಕ್ಷಣ ಬೆಣ್ಣೆ ಬಂತು. ಬಂದದ್ದನ್ನು ಗಂಟು ಕಟ್ಟಿ "ಮಾವ" ಎಂದು ಹೆಸರಿಟ್ಟ.

ಶನಿವಾರ ಬೆಳಿಗ್ಗೆ ನಿವೃತ್ತ ಹೆಡ್‌ಮಾಸ್ಟರ ಮಗಳ ಮದುವೆಯ ಅಷ್ಟೂ ಚಿತ್ರಗಳ ಮೇಲೆ "ಮಾವ"ನನ್ನು ಒಮ್ಮೆಲೇ ಒತ್ತಿದ. ಮೊದಲ ಎರಡು ಚಿತ್ರಗಳನ್ನು ನೋಡಿದ. ಬಿಳಿ ಪರದೆಯ ಮುಂದೆ ಮದುಮಗಳ ಮುಖ ಬೆಣ್ಣೆ! ಕಣ್ಣಲ್ಲಿ ನೀರೇ ಬಂತು. ಪ್ರಿಂಟಿಗೆ ಕೊಟ್ಟು, ಕಾಫಿ ಕುಡಿಯಲು ಹೋದ.

ಹಿಂದಿರುಗಿದಾಗ ಕ್ಷೌರದಂಗಡಿಯವನು ಪ್ರಿಂಟುಗಳನ್ನು ಹರಡಿಕೊಂಡು ಕೂತಿದ್ದ. ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು.

"ಅಳಿಯಂದ್ರೇ, ಮದುಮಗನ ಪಕ್ಕದಲ್ಲಿ ನಿಂತಿರೋರು ಯಾರು?"

"ಯಾರೂ ಇಲ್ವಲ್ಲ."

"ಇಲ್ನೋಡಿ. ಬೆಳ್ಳಗೆ."

ಅಳಿಯ ಬಗ್ಗಿ ನೋಡಿದ. ಮದುಮಗನ ಪಕ್ಕದ ಕಡುಗೆಂಪು ಪರದೆಯ ಮೇಲೆ ಒಂದು ಆಳಿನ ಗಾತ್ರದ ಮಸುಕು. ತಲೆ, ಹೆಗಲು, ಇಳಿಬಿಟ್ಟ ಕೈ ಎಲ್ಲ ಇತ್ತು, ಮುಖ ಇರಲಿಲ್ಲ. ಕತ್ತು ಒಂದು ಕಡೆಗೆ ವಾಲಿತ್ತು.

"ಹೊಗೆ ಇರಬೇಕು" ಎಂದ.

"ಊಟದ ಹಾಲಿನಲ್ಲೂ ಇದೆ ಹೊಗೆ. ಕಾರಿನ ಪಕ್ಕದಲ್ಲೂ ಇದೆ. ಮಕ್ಕಳು ಆಡ್ತಿರೋ ಕಡೆ ಹೋಗಿ ನಿಂತಿದೆ. ಅದೇ ಜಾಗ, ಅದೇ ನಿಲುವು." ಬಾಚಣಿಗೆಯವನು ಒಂದೊಂದೇ ಪ್ರಿಂಟು ಎತ್ತಿ ಇಟ್ಟ. "ಯಾರೂ ಇಲ್ದಿರೋ ಖಾಲಿ ವೇದಿಕೆ ತೆಗ್ದಿದ್ದೀರಲ್ಲ, ಅಲ್ಲೂ ಒಬ್ಬರೇ ನಿಂತಿದ್ದಾರೆ ಪಾಪ."

ಅಳಿಯ ಕ್ಯಾಮೆರಾ ಎತ್ತಿಕೊಂಡ. ಕ್ಯಾಮೆರಾ ಕೆಟ್ಟಿತೇ ನೋಡೋಣವೆಂದು ಬರೀ ಗೋಡೆಯ ಚಿತ್ರ ತೆಗೆದ. ಗೋಡೆ ಗೋಡೆಯಂತೆಯೇ ಬಂತು. ಅದರ ಮೇಲೆ "ಮಾವ" ಒತ್ತಿದ. ಗೋಡೆಯ ಮುಂದೆ ಅವರು ಬಂದು ನಿಂತರು.

ಅಷ್ಟರಲ್ಲಿ ಅತ್ತೆ, ಅವರ ಹಿಂದೆ ಮಗಳು ಬಂದರು. ಅತ್ತೆ ಒಂದು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆ ಕತ್ತು" ಎಂದರು. "ಕ್ಯಾಮೆರಾ ಹಿಂದೆ ನಿಂತೂ ನಿಂತೂ ಹಾಗೇ ವಾಲಿಹೋಗಿತ್ತಲ್ಲ. ಇವರು ಅವರೇ."

"ಅಮ್ಮಾ, ಸುಮ್ನಿರು" ಎಂದಳು ಮಗಳು. ಆದರೆ ಅವಳೂ ಗಂಡನ ತೋಳು ಹಿಡಿದುಕೊಂಡಳು.

ಅತ್ತೆ ಉದ್ದುದ್ದ ತೆಗೆದ ಒಂದು ಚಿತ್ರ ಎತ್ತಿಕೊಂಡರು. ಅದರಲ್ಲಿ ಆಕೃತಿಯೂ ಚಿತ್ರದ ಜೊತೆಗೇ ಉದ್ದವಾಗಿ, ಕಡ್ಡಿಯಂತೆ ತೆಳ್ಳಗಿತ್ತು. "ಎಷ್ಟು ಸೊರಗಿದ್ದಾರೆ ನೋಡೇ. ಹೊತ್ತುಹೊತ್ತಿಗೆ ಊಟ ಹಾಕೋರು ಯಾರಿದ್ದಾರೆ ಅಲ್ಲಿ?"

ಕ್ಷೌರದಂಗಡಿಯವನು ಗಂಟಲು ಸರಿಮಾಡಿಕೊಂಡ. ಸಾವಿನ ಮನೆಯಲ್ಲೂ ತಲೆಗಳನ್ನು ಲೆಕ್ಕಹಾಕುವ ಆಸಾಮಿ ಅವನು. "ಅಮ್ಮಾ, ಇಂಥ ಜಾಗ ಇಟ್ಕೊಂಡು ಹೆಂಗಸರು ನೀವೇನ್ಮಾಡ್ತೀರಿ? ನನಗೆ ಕೊಟ್ಬಿಡಿ. ನಾನು ಧೈರ್ಯಸ್ಥ."

"ಹೌದೇನಪ್ಪ? ಹಾಗಾದ್ರೆ ಒಂದು ಫೋಟೋ ತೆಗೆಸ್ಕೋ. ಅವರೇನಂತಾರೋ ನೋಡಿ ಆಮೇಲೆ ಮಾತಾಡೋಣ."

ಧೈರ್ಯಸ್ಥ ಹಿಂದೆಗೆಯುವಂತಿರಲಿಲ್ಲ. ಒಳಕೋಣೆಗೆ ಬಂದ, ಚಪ್ಪಲಿ ಬಿಟ್ಟ, ಕುರ್ಚಿಯಲ್ಲಿ ಕೂರಲು ಹೋಗಿ ಅತ್ತೆಯ ಕಣ್ಣು ಕಂಡು ಅದರ ಎಡಕ್ಕೆ ನಿಂತ. ಅಳಿಯ ಈಗ ರಿಪೇರಿಯಾಗಿದ್ದ ಎಡಗಡೆಯ ದೀಪ ಹೊತ್ತಿಸಿ ಚಿತ್ರ ತೆಗೆದು, ಕಂಪ್ಯೂಟರಿಗೆ ಹಾಕಿ, "ಮಾವ" ಒತ್ತಿದ.

ನಾಲ್ವರೂ ಬಗ್ಗಿದರು. ಕುರ್ಚಿ ಇತ್ತು, ಗೋಡೆ ಇತ್ತು, ಕ್ಷೌರದಂಗಡಿಯವನ ಪಂಚೆ ಇತ್ತು. ಪಂಚೆಯ ಮೇಲೆ ಅವನು ಇರಲಿಲ್ಲ. ಆ ಬಿಳುಪು ಅವನನ್ನು ತಲೆಯಿಂದ ಸೊಂಟದವರೆಗೆ ನುಂಗಿ, ಮುಖವಿರಬೇಕಾದ ಕಡೆ ಒರೆಸಿಟ್ಟ ತಟ್ಟೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ದಿನವೆಲ್ಲ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡೇ ಬದುಕಿದವನು ಎರಡೂ ಕೈಯಿಂದ ಕೆನ್ನೆ ತಡವಿಕೊಂಡ. ಮೂಗು ಇದೆಯೇ ಎಂದು ಹಿಡಿದು ನೋಡಿದ.

"ಗೋಡೆ ಹಾಗೇ ಇರ್ಲಿ ಅಮ್ಮಾ" ಎಂದ ಬಾಗಿಲಲ್ಲಿ. "ಬೇಕಾದ್ರೆ ನಮ್ಮ ಕಡೆಯಿಂದ ಇನ್ನೊಂದು ವರಸೆ ಇಟ್ಟಿಗೆ ನಾನೇ ಕಟ್ಟಿಸ್ತೀನಿ." ಚಪ್ಪಲಿ ಬಿಟ್ಟೇ ಓಡಿದ.

ಅವನು ಓಡಿದರೆ ಸುದ್ದಿ ಅವನಿಗಿಂತ ಮುಂದೆ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಾಸ್ಟರು ಕೊಡೆ ಹಿಡಿದು ಬಂದರು.

"ಏನಪ್ಪಾ, ನನ್ನ ಮಗಳ ಮದುವೆಗೆ ನಾನು ಕರೀದೇ ಇರೋರು ಬಂದಿದ್ದಾರಂತೆ?"

"ಕರೀಲಿಲ್ಲ ಅಂತ್ಲೇ ಬಂದಿದ್ದಾರೆ" ಎಂದರು ಅತ್ತೆ ಖಡಕ್ಕಾಗಿ.

"ತೀರಿಕೊಂಡೋರನ್ನ ಕರೆಯೋದು ಹೇಗಮ್ಮಾ?"

"ಮನಸ್ಸಿದ್ರೆ ದಾರಿ ಇರ್ತಿತ್ತು."

ಹೆಡ್‌ಮಾಸ್ಟರು ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ನೋಡಪ್ಪಾ, ಬೀಗರು ಕೇಳಿದ್ರೆ ಇವರು ಯಾವ ಕಡೆಯ ನೆಂಟರು ಅಂತ ಹೇಳ್ಲಿ? ದೀಪ ಹಚ್ಚೋ ಹೊತ್ತಿಗೆ ಅಷ್ಟೂ ಫೋಟೋಗಳಿಂದ ಅವರನ್ನ ಕಳಿಸಿಬಿಡು. ಬಣ್ಣ ಮಾತ್ರ ಮುಟ್ಟಬೇಡ, ಬಣ್ಣ ಚೆನ್ನಾಗಿದೆ."

ಬಣ್ಣ ಚೆನ್ನಾಗಿದೆ! ಬದುಕಿನಲ್ಲಿ ಮೊದಲ ಸಲ ಕೇಳಿದ ಮಾತು. ಕೇಳಿದಾಗ ಖುಷಿಪಡಲು ಪುರಸೊತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಅಳಿಯ ಒಳಕೋಣೆಯಲ್ಲಿ ಒಬ್ಬನೇ ಕೂತು ಆ ಮಸುಕನ್ನು ದೊಡ್ಡದು ಮಾಡಿದ. ಬೆನ್ನ ಹಿಂದೆ ಕುರ್ಚಿ ಇತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಹೆಗಲು, ಕಿವಿ, ತಲೆ. ತಲೆಯ ಹಿಂಭಾಗದಲ್ಲಿ ಎಣ್ಣೆಗೂ ಬಗ್ಗದೆ ಎದ್ದು ನಿಂತ ಒಂದು ಚಿಟಿಕೆ ಕೂದಲು.

ಮಾವನ ತಲೆಯಲ್ಲಿ ಕೂದಲೇ ಇರಲಿಲ್ಲ.

ಅಳಿಯನ ಕೈ ತಾನಾಗಿ ತನ್ನ ತಲೆಗೆ ಹೋಯಿತು. ಆ ಕೂದಲು ಅಲ್ಲೇ ಎದ್ದು ನಿಂತಿತ್ತು.

ತಟ್ಟನೆ ಎಲ್ಲ ಹೊಳೆಯಿತು. ಪರೀಕ್ಷೆಯ ಚಿತ್ರದಲ್ಲಿ ಕರ್ರಗೆ ಬಂದಿದ್ದ ತನ್ನನ್ನು ಕಂಪ್ಯೂಟರಿನ ಬ್ರಶ್ ಹಿಡಿದು ತನ್ನ ಆಕಾರದ ಅಂಚಿನವರೆಗೂ ತೀಡಿ ಬೆಳ್ಳಗೆ ಮಾಡಿದ್ದನಲ್ಲ. ಗಂಟು ಕಟ್ಟುವಾಗ ಬಣ್ಣದ ಜೊತೆ ಆ ತೀಡಿದ್ದನ್ನೂ ಟಿಕ್ ಮಾಡಿ ಒಳಗೆ ಸೇರಿಸಿಬಿಟ್ಟಿದ್ದ. ಗಂಟು ಬಿಚ್ಚಿದಲ್ಲೆಲ್ಲ ಅದೇ ಜಾಗದಲ್ಲಿ ಅವನದೇ ಆಕಾರದ ಬೆಳಕು ಚೆಲ್ಲುತ್ತಿತ್ತು. ಟೈಮರಿನ ದೀಪ ನೋಡಲು ಕತ್ತು ವಾಲಿಸಿದವನೂ ಅವನೇ. ದೆವ್ವ ಅವನೇ!

ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಅರ್ಧದಲ್ಲೇ ನಿಂತಿತು. ಅಷ್ಟು ಚಿತ್ರಗಳಲ್ಲಿ ತಾನು ನಿಂತಿದ್ದೇನೆ, ಬೀದಿಯೆಲ್ಲ ನೋಡಿದೆ, ಒಬ್ಬರೂ ಇದು ಅಳಿಯ ಅನ್ನಲಿಲ್ಲ. ಕಟ್ಟಿಕೊಂಡ ಹೆಂಡತಿಯೂ ಅನ್ನಲಿಲ್ಲ. ಅವನಿಗೆ ನಿಜವಾಗಿಯೂ ಬೇಸರವಾಯಿತು.

ಆದರೂ ಹೇಳಿಬಿಡೋಣವೆಂದು ಹೊರಗೆ ಬಂದ. ಅತ್ತೆ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ಸೆರಗಿನಿಂದ ಒರೆಸುತ್ತಿದ್ದರು.

"ಅತ್ತೇ, ಆ ಬೆಳ್ಳಗಿರೋದು..."

"ಅವರು ಬಂದು ನಿಂತ ಮೇಲೆ ಸ್ಟುಡಿಯೋ ಯಾರಿಗೂ ಕೊಡಲ್ಲ ಅಳಿಯಂದಿರೇ. ನೀವು ನಿಶ್ಚಿಂತೆಯಾಗಿ ಕೆಲಸ ಮಾಡಿ."

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ದೆವ್ವ ಹೋಗುತ್ತದೆ, ದೆವ್ವ ಹೋದರೆ ಕ್ಷೌರದಂಗಡಿಯವನು ಬರುತ್ತಾನೆ. ಅಳಿಯ ಮಾತು ನುಂಗಿಕೊಂಡು ಒಳಗೆ ಹೋದ. ಆ ಒಂದು ಟಿಕ್ಕನ್ನು ತೆಗೆದ, ಬರೀ ಬಣ್ಣ ಉಳಿಸಿದ, ಮದುವೆಯ ಚಿತ್ರಗಳನ್ನು ಹೊಸದಾಗಿ ಪ್ರಿಂಟ್ ಹಾಕಿದ. ಎಲ್ಲಿಯೂ ಯಾರೂ ಇರಲಿಲ್ಲ. ಹೆಡ್‌ಮಾಸ್ಟರು ಹೇಳಿದ ಹೊತ್ತಿಗೆ ಬಂದು, ಒಂದೊಂದನ್ನೂ ಪರೀಕ್ಷೆಯ ಕೋಣೆಯಲ್ಲಿ ಮಕ್ಕಳ ಸುತ್ತ ತಿರುಗಾಡುವಂತೆ ತಿರುಗಿ ತಿರುಗಿ ನೋಡಿ, "ಶಾಭಾಸ್" ಎಂದು ತೆಗೆದುಕೊಂಡು ಹೋದರು.

ಸಂಜೆಯ ಬೆಳಕು ಕಿಟಕಿಯಲ್ಲಿ ಸಣ್ಣಗಾಯಿತು. ಅಳಿಯನಿಗೆ ಕೊನೆಯದಾಗಿ ಆ ಪರೀಕ್ಷೆಯ ಚಿತ್ರವನ್ನೂ ಒಮ್ಮೆ ನೋಡುವ ಆಸೆಯಾಯಿತು. ಮಾಡಿದ್ದನ್ನೆಲ್ಲ ಅಳಿಸಿ, ಮೊದಲಿನಂತೆ ಮಾಡಿಕೊಂಡ. ಎಡಕ್ಕೆ ಕರ್ರಗೆ ತಾನು, ನಡುವೆ ಖಾಲಿ ಕುರ್ಚಿ. ಟಿಕ್ ತೆಗೆದ "ಮಾವ"ನನ್ನು ಒತ್ತಿದ.

ಬಣ್ಣ ಬಂತು. ಪಾಚಿಯ ನೆರಳು, ಕೆನೆಯ ಗೋಡೆ, ರವೆಯ ಕಣ. ತಾನು ಮಾತ್ರ ಇನ್ನೂ ಕರ್ರಗೆ ನಿಂತಿದ್ದ. ಕುರ್ಚಿಯಲ್ಲಿ ಮಾವ ಕೂತಿದ್ದರು.

ಮಸುಕಲ್ಲ. ಬೋಳುತಲೆ, ಜೇಬಿಗೆ ಸಿಕ್ಕಿಸಿದ ಕನ್ನಡಕ, ಕುರ್ಚಿಯ ತೋಳಿನ ಮೇಲೆ ಇಟ್ಟ ಬೆರಳು, ಎಲ್ಲ ನಿಚ್ಚಳ. ಮುಖ ಬೆಣ್ಣೆಯಂತಿತ್ತು. ಅಳಿಯ ಪ್ರಿಸೆಟ್ ತೆಗೆದ, ಕುರ್ಚಿ ಖಾಲಿ. ಒತ್ತಿದ, ಕೂತಿದ್ದರು. ಗಂಟಿನಲ್ಲಿ ಏನಾದರೂ ಉಳಿದಿದೆಯೇ ಎಂದು ಟಿಕ್ಕುಗಳನ್ನೆಲ್ಲ ನೋಡಿದ. ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

"ಆಹಾ!"

ಅಳಿಯ ಕಿರುಚುವುದೊಂದು ಬಾಕಿ. ಅತ್ತೆ ಯಾವಾಗಲೋ ಬಂದು ಹಿಂದೆ ನಿಂತಿದ್ದರು. ಕನ್ನಡಕ ಏರಿಸಲಿಲ್ಲ, ಇಳಿಸಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಈಗ ಬಂತು ನೋಡಿ ಬಣ್ಣ. ಇದೇ, ಇದೇ ಅವರ ಬಣ್ಣ." ಬಹಳ ಹೊತ್ತು ನೋಡಿ, ಪರದೆಯ ಎಡಭಾಗಕ್ಕೆ ಬೆರಳು ತೋರಿಸಿದರು. "ಅವರ ಪಕ್ಕದಲ್ಲಿ ಅದೇನದು, ಕರ್ರಗೆ? ಅದನ್ನ ಅಳಿಸಿಬಿಡಿ. ದೊಡ್ಡದಾಗಿ ಪ್ರಿಂಟ್ ಹಾಕಿ ಬಾಗಿಲಲ್ಲಿ ತೂಗುಹಾಕೋಣ."

"ಅತ್ತೇ, ಅದು ನಾನು."

ಅತ್ತೆ ಕೋಣೆಯ ಸುತ್ತ ಒಮ್ಮೆ ನೋಡಿದರು, ಯಾರೋ ಮಾತಾಡಿದ ಹಾಗಾಯಿತಲ್ಲ ಎನ್ನುವವರಂತೆ. ಆಮೇಲೆ ಮತ್ತೆ ಪರದೆಯ ಕಡೆ ತಿರುಗಿ ನಕ್ಕರು.

ಅಳಿಯ ಬ್ರಶ್ ತೆಗೆದುಕೊಂಡ. ಹೇಗೂ ಅಳಿಸಬೇಕು, ಕಾಲಿನಿಂದಲೇ ಶುರುವಾಗಲಿ ಎಂದು ಚಿತ್ರದಲ್ಲಿನ ತನ್ನ ಎರಡೂ ಪಾದಗಳನ್ನು ಒರೆಸಿದ. ಅಂಗಾಲಿಗೆ ನೆಲದ ಥಂಡಿ ಹತ್ತುವುದು ನಿಂತುಹೋಯಿತು.