ಮಾವನ ಏಕೈಕ ವೀಕ್ಷಕ

ನಮ್ಮ ಸೋದರಮಾವನ ವಿಡಿಯೋ ಪಾಡ್‌ಕಾಸ್ಟ್‌ಗೆ ಇರುವ ವೀಕ್ಷಕರ ಸಂಖ್ಯೆ ಒಂದು. ಅದು ಎರಡಾದರೆ ಅವರಿಗೆ ಸಿಟ್ಟು ಬರುತ್ತದೆ! ಒಮ್ಮೆ ಪರದೆಯ ಮೇಲೆ ಎರಡು ಎಂದು ಕಂಡದ್ದೇ ತಡ, "ಯಾವನೋ ಅವ್ನು, ನಮ್ಮ ಮಾತು ಕದ್ದು ನೋಡೋನು?" ಎಂದು ಅಂಗಡಿ ನಡುಗುವಂತೆ ಕೂಗಿದರು. ವಿಚಾರಿಸಿದರೆ ಆ ಎರಡನೆಯವನು ನಾನೇ. ಇಂಟರ್ನೆಟ್ಟಿಗೆ ನಾನು ಹಾಕಿದ ಕಂತು ಸರಿಯಾಗಿ ಏರಿದೆಯೇ ಎಂದು ಪರೀಕ್ಷಿಸಿದ್ದೆ.

ಕದ್ದು ನೋಡಿದರೂ ನನಗೇನು ತಿಳಿಯುತ್ತದೆ ಹೇಳಿ? ಅದರಲ್ಲಿ ಬಾಯಿಮಾತೇ ಇಲ್ಲ! ಸೀರೆ ಅಂಗಡಿ ಇಡುವ ಮೊದಲು ಮಾವ ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ವಿದ್ಯುತ್ ಮಗ್ಗ ಓಡಿಸಿದವರು. ಆ ಸದ್ದಿನಲ್ಲಿ ಪಕ್ಕದವನು ಕಿರುಚಿದರೂ ಕೇಳದು. ಹಾಗಾಗಿ ಮಾವನೂ ಪಕ್ಕದ ಮಗ್ಗದ ಗೆಳೆಯರೊಬ್ಬರೂ ಕೈಯಲ್ಲೇ ಮಾತಾಡುತ್ತಿದ್ದರು. ಎಳೆ ಕಡಿದದ್ದು, ಟೀ ಬಂದದ್ದು, ಓನರ್‌ನ ಹೊಸ ಮೀಸೆ, ಎಲ್ಲವೂ ಕೈಯಲ್ಲೇ. ಮಾವನ ಏಕೈಕ ವೀಕ್ಷಕರಾದ ಆ ಗೆಳೆಯರ ಕಿವಿ ಈಗ ಪೂರ್ತಿ ಹೋಗಿದೆ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನ್ ಮಾಡಿದರೆ ಕೇಳಿಸದು. ವಿಡಿಯೋ ಕರೆಗೆ ಅಲ್ಲಿ ಸಿಗ್ನಲ್ ಸಾಲದು. "ಅರ್ಧ ಮಾತಲ್ಲಿ ಕೈ ನಿಂತ್ಕಂಬಿಡುತ್ತೆ ಕಣೋ" ಎನ್ನುತ್ತಾರೆ ಮಾವ. ಮೆಸೇಜಿನಲ್ಲಿ ಕಳಿಸಿದರೆ ಚಿತ್ರ ಕುಗ್ಗಿ ಬೆರಳೆಲ್ಲ ಬದನೆಕಾಯಿ! ಈ ಪಾಡ್‌ಕಾಸ್ಟ್ ನಿಂತರೆ ಮೂವತ್ತು ವರ್ಷದ ಮಾತುಕತೆಯೇ ನಿಂತಂತೆ.

ಎಲ್ಲರೂ ವಿಡಿಯೋ ಹಾಕುವ ದೊಡ್ಡ ಜಾಗದಲ್ಲೇ ಹಾಕಿ ಎಂದೆ. ಒಮ್ಮೆ ಹಾಕಿದರು. ಮಾತಿನ ನಡುವೆ ಬೇರೆ ಊರಿನ ಸೀರೆ ಅಂಗಡಿಯ ಜಾಹೀರಾತು ಬಂತು. "ನಮ್ಮಿಬ್ರ ಮಧ್ಯೆ ಬಂದು ಕೂತ್ಕಂಡು ಸೀರೆ ಮಾರ್ತಾನಲ್ಲೋ! ಅದೂ ನನ್ ಹತ್ರ!"

ಆಗ ಅವರಿಗೆ ತಮ್ಮ ಅಂಗಡಿಯ ವೆಬ್‌ಸೈಟ್ ನೆನಪಾಯಿತು. ಅದರಿಂದ ಇದುವರೆಗೆ ಒಂದು ಕರವಸ್ತ್ರವೂ ಮಾರಾಟವಾಗಿಲ್ಲ. ಆದರೂ ಅದರ ಹೋಸ್ಟಿಂಗ್, ಅಂದರೆ ಇಂಟರ್ನೆಟ್ಟಿನಲ್ಲಿ ಅದಕ್ಕೆ ಹಿಡಿದ ಬಾಡಿಗೆ ಜಾಗ, ಮಾತ್ರ ವರ್ಷ ವರ್ಷ ನಡೆದುಕೊಂಡು ಬಂದಿತ್ತು. "ನಮ್ದೇ ಜಾಗ ಖಾಲಿ ಬಿದ್ದೈತೆ, ಬೇರೆಯವ್ರ ಬಾಗ್ಲಿಗೆ ಯಾಕೆ ಹೋಗ್ಬೇಕು?"

ವಿಡಿಯೋ ಅಲ್ಲಿಗೆ ಏರಿಸುವುದು ಸುಲಭ. ಕಷ್ಟವಿರುವುದು ಫೀಡ್‌ನಲ್ಲಿ. ಹೊಸ ಕಂತು ಬಂದಿದೆ, ಇಂಥ ಕಡೆ ಇದೆ ಎಂದು ಗೆಳೆಯರ ಫೋನಿಗೆ ತಿಳಿಸುವ ಪಟ್ಟಿ ಅದು. ಸಿಗ್ನಲ್ ಸಿಕ್ಕಾಗಲೆಲ್ಲ ಫೋನು ಕಂತನ್ನು ಚೂರುಚೂರೇ ಇಳಿಸಿಕೊಂಡು, ಪೂರ್ತಿಯಾದ ಮೇಲೆ ತಡೆಯಿಲ್ಲದೆ ತೋರಿಸುತ್ತದೆ. ಆದರೆ ಪಟ್ಟಿಯಲ್ಲಿ ತೆರೆದು ಮುಚ್ಚುವ ಆವರಣ ಚಿಹ್ನೆಗಳಲ್ಲಿ ಒಂದೇ ಒಂದು ತಪ್ಪಿದರೂ ಏನೂ ಬರುವುದಿಲ್ಲ. ಒಮ್ಮೆ ಅಂಥ ತಪ್ಪನ್ನು ಅರ್ಧ ದಿನ ಹುಡುಕಿ ಸೋತೆ. ಮಾವ ಕನ್ನಡಕ ಹಣೆಗೇರಿಸಿ, ಪರದೆಯ ಮೇಲೆ ಬೆರಳು ಸವರುತ್ತ ಸಾಲುಸಾಲಾಗಿ ಇಳಿದರು. "ಇಲ್ಲಿ ತೆರ್ದಿದೀಯ, ಮುಚ್ಚೇ ಇಲ್ಲ." ಎರಡೇ ನಿಮಿಷ! ಅವರಿಗೆ ಇಂಗ್ಲಿಷ್ ಓದಲು ಬಾರದು. ಅವರು ಅಕ್ಷರ ಓದಲಿಲ್ಲ, ಕಡಿದ ಎಳೆ ಹುಡುಕಿದರು. ಇಂಥವರನ್ನು ಮೆಚ್ಚದೆ ಇರುವುದು ಹೇಗೆ?

ಕಳೆದ ತಿಂಗಳು ಹೋಸ್ಟಿಂಗ್‌ನವರಿಂದ ಎಚ್ಚರಿಕೆ ಬಂತು: ಜಾಗ ತುಂಬಿದೆ. ಮಾವ ಯಾವುದೋ ಮದುವೆಗೆ ಹೋಗಿದ್ದರು. ನಾನು ಜಾಣತನ ಮಾಡಿದೆ. ಹೊಸ ಕಂತಿನಲ್ಲಿ ಮಾವ ಆಗಾಗ ಕೈ ಕಟ್ಟಿ ಸುಮ್ಮನೆ ಕೂತಿದ್ದರು. ಒಮ್ಮೆ ತಲೆಯಾಡಿಸುವುದು, ಒಮ್ಮೆ ಕಾರಣವಿಲ್ಲದೆ ನಗುವುದು. ಅವನ್ನೆಲ್ಲ ಕತ್ತರಿಸಿದೆ. ಇಪ್ಪತ್ತು ನಿಮಿಷದ್ದು ಹನ್ನೊಂದಕ್ಕೆ ಇಳಿಯಿತು. ಏರಿಸಿದೆ. ಮೂಲವನ್ನು ಅಳಿಸಿಯೂಬಿಟ್ಟೆ.

ಮಾವ ಬಂದು ನೋಡಿದರು. ಕೂಗಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ನಾನು ಸುಮ್ನೆ ಕೂತಿದ್ದು ಎಲ್ಲೋ?"

"ಅಲ್ಲಿ ನೀವೇನೂ ಹೇಳ್ತಿರ್ಲಿಲ್ಲ ಮಾವ."

"ನಾನು ಹೇಳ್ತಿರ್ಲಿಲ್ಲ. ಅವ್ನು ಹೇಳ್ತಿದ್ದ. ಯಾವ್ದಕ್ಕೆ ಏನಂತಾನೆ ಅಂತ ನಂಗೆ ಗೊತ್ತಾಗಲ್ವೇನೋ, ಮೂವತ್ತು ವರ್ಷ ಆದ್ಮೇಲೆ?"

ಮಾವ ಪರದೆಯ ಕಡೆ ಬೆರಳು ತೋರಿಸಿ, "ಸೀರೆ ತೆಗಿ" ಎಂದರು. ವೆಬ್‌ಸೈಟಿನಲ್ಲಿದ್ದ ಸೀರೆಗಳ ಚಿತ್ರಗಳನ್ನು ಒಂದೂ ಬಿಡದೆ ಅಳಿಸಿಸಿದರು. ಅತ್ತೆ ಇಣುಕಿ ನೋಡಿ, "ಸೀರೆ ಅಂಗ್ಡೀಲಿ ಸೀರೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಐತೆ!" ಎಂದರು. ಮುಂದಿನ ಕಂತುಗಳಿಗೆ ಜಾಗವಾಯಿತು. ಆದರೆ ನಾನು ಕತ್ತರಿಸಿದ ಕಂತು ಆಗಲೇ ಹಳ್ಳಿ ತಲುಪಿತ್ತು.

"ಅವ್ನ ಮಾತಿಗೆ ಅಡ್ಡ ಬಂದಂಗಾಯ್ತು. ಬೇಜಾರು ಮಾಡ್ಕಂಡು ಮಾತೇ ಬಿಟ್ಬಿಟ್ರೆ? ಹೋಗಪ್ಪಾ, ತಪ್ಪು ನಿಂದು ಅಂತ ಬರ್ದು ತೋರ್ಸಿ ಬಾ" ಎಂದರು ಮಾವ.

ಬಸ್ಸು ಹಿಡಿದು ಹೋದೆ. ಹೊರಗಿನ ಕೋಣೆಯಲ್ಲಿ ಗೆಳೆಯರು ಸ್ಟೂಲಿನ ಮೇಲೆ ಫೋನು ಒರಗಿಸಿಕೊಂಡು ಅದೇ ಕಂತು ನೋಡುತ್ತಿದ್ದರು. ಒಂದು ಕೈಯ ಬೆರಳು ಪರದೆಯ ಹತ್ತಿರವೇ ಇತ್ತು. ಮಾವನ ಒಂದು ಮಾತು ಮುಗಿದ ಕೂಡಲೆ ಒತ್ತಿ ನಿಲ್ಲಿಸುತ್ತಿದ್ದರು, ಇನ್ನೊಂದು ಕೈಯಲ್ಲಿ ಉತ್ತರ ಕೊಡುತ್ತಿದ್ದರು. ಎಷ್ಟೋ ಸಲ ಒತ್ತುವುದು ತಡವಾಗಿ, ಹಿಂದಕ್ಕೆ ಸರಿಸಿ ಮತ್ತೆ ಅಲ್ಲಿಂದಲೇ ನೋಡುತ್ತಿದ್ದರು.

"ನಾಕು ದಿನದಿಂದ ಹಿಂಗೇ ಅಣ್ಣ" ಎಂದರು ಅವರ ಮಗಳು. "ಒಂದೇ ಕೈಲಿ ಮಾತಾಡುದ್ರೆ ತೊದಲ್ದಂಗಾಗುತ್ತಂತೆ. ಆದ್ರೂ ಬಿಡಲ್ಲ."

ಬರೆದು ತಂದಿದ್ದ ಚೀಟಿಯನ್ನು ತೆಗೆಯಲಿಲ್ಲ. ಎಲ್ಲೆಲ್ಲಿ ಕತ್ತರಿಸಿದ್ದೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಪಕ್ಕದಲ್ಲಿ ಕುಳಿತು, ಅವರ ಬೆರಳನ್ನು ಮೆಲ್ಲಗೆ ಸರಿಸಿ, ಅಲ್ಲಿ ನನ್ನದನ್ನು ಇಟ್ಟೆ. ಮೊದಲ ಜಾಗ ಬಂದಾಗ ನಿಲ್ಲಿಸಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಎರಡೂ ಕೈ ಎತ್ತಿ ಮಾತಿಗಿಳಿದರು.