ಹೆಂಗಸರನ್ನು ಆಚೆ ಸಾಲಿಗೆ ಕಳಿಸಿ ಮರೆತವನು ಮೈಕಿಗೆ ಬರೆದ ಬಹಿರಂಗ ಪತ್ರ

ಟಾರ್ಬೆಲ್ ಕಾರ್ನರ್ ಊರ ಸಭಾಭವನದ ವೇದಿಕೆಯ ಮೇಲೆ, ಕಪ್ಪು ಟೇಪು ಸುತ್ತಿಕೊಂಡು ವಿರಾಜಮಾನರಾಗಿರುವ ಮೈಕ್ ಮಹಾಶಯರ ಸನ್ನಿಧಾನಕ್ಕೆ, ತಿಂಗಳಿಗೊಮ್ಮೆ ಶನಿವಾರದ ಕುಣಿತದಲ್ಲಿ ಮುಂದಿನ ಹೆಜ್ಜೆ ಯಾವುದೆಂದು ಕೂಗಿ ಹೇಳುವ ಎವರೆಟ್ ಕ್ವಿಂಬಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ನನ್ನ ಮಾನದ ಕ್ಷೇಮಸಮಾಚಾರ ಮಾತ್ರ ಹೇಳಿಕೊಳ್ಳುವಂತಿಲ್ಲ.

ನಾನು ಸರಿಯಾಗಿ ಕೂಗಿದ ದಿನವೆಲ್ಲ ಗೊರಗೊರ ಎಂದು ಕೆಮ್ಮಿ, ಅರ್ಧ ಮಾತು ನುಂಗಿ ನೀರು ಕುಡಿಯುವ ತಾವು, ಕಳೆದ ತಿಂಗಳ ಕುಣಿತದಲ್ಲಿ ನನ್ನ ತಪ್ಪನ್ನು ಮಾತ್ರ ಅಕ್ಷರ ಬಿಡದೆ ಮೂಲೆಮೂಲೆಗೂ ಮುಟ್ಟಿಸಿದಿರಿ. ಇಂಥ ಕರ್ತವ್ಯನಿಷ್ಠೆಗೆ ಸನ್ಮಾನ ಮಾಡದಿದ್ದರೆ ನಾವು ಮನುಷ್ಯರೇ ಅಲ್ಲ. ಎದುರುಬದುರಾಗಿ ಎರಡು ಸಾಲು ನಿಂತು ಕುಣಿಯುವಾಗ ಹೆಂಗಸರು ಆಚೆ ಸಾಲಿಗೆ ದಾಟಬೇಕು, ಮತ್ತೆ ತಮ್ಮ ಜೋಡಿಯ ಬಳಿಗೆ ಮರಳಬೇಕು, ಆಮೇಲಷ್ಟೇ ಪ್ರತಿ ಜೋಡಿಯೂ ಮುಂದಿನ ಜೋಡಿಯತ್ತ ಸಾಗಬೇಕು. ನಾನು ಹೋಗಿ ಎಂದೆ, ಬನ್ನಿ ಎನ್ನುವುದನ್ನೇ ಮರೆತೆ. ಪಿಟೀಲು ಯಾರಿಗೂ ಕಾಯುವುದಿಲ್ಲವಾದ್ದರಿಂದ ಊರಿನ ಹೆಂಡಂದಿರೆಲ್ಲ ಪರಗಂಡಂದಿರ ಕೈಹಿಡಿದು ಬಾಗಿಲ ಕಡೆಗೂ, ಅವರವರ ಗಂಡಂದಿರು ಅಡುಗೆಮನೆಯ ಕಡೆಗೂ ಸಾಗಿಹೋದರು.

ಆಗ ನಾನು ಮಾಡಿದ ಘನಕಾರ್ಯವೆಂದರೆ ಸಂಗೀತ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, “ಸ್ವಲ್ಪ ಗಮನ ಕೊಟ್ಟು ಕೇಳ್ರಪ್ಪಾ!” ಎಂದು ಸಭೆಗೇ ಬುದ್ಧಿ ಹೇಳಿದ್ದು. ಕುಣಿಯಲಾರದವನು ನೆಲ ಡೊಂಕು ಎಂದನಂತೆ. ನಾನು ಕುಣಿಯುವವರನ್ನೇ ಡೊಂಕು ಎಂದೆ.

ಅಂದು ಬಾಯ್ಲರ್ ರಿಪೇರಿಯ ನಾರ್ಮಂಡ್ ಬೊಲ್ಡಕ್ ಮೊದಲ ಸಲ ಬಂದಿದ್ದ. ಊರಿಗೆ ಹೊಸಬ, ಒಂಟಿ, ಮಾತು ಕಡಿಮೆ. ನನ್ನ ಹೆಂಡತಿ ಅರ್ಡಿಸ್ ಅವನ ಜೋಡಿಯಾಗಿದ್ದಳು. ಅವನು ಕಿವಿಯವರೆಗೂ ಕೆಂಪಾಗಿ, “ಕ್ಷಮಿಸಿ ಅಕ್ಕಾ, ನಾನು ಬಂದು ಎಲ್ಲಾ ಕೆಡಿಸ್ಬಿಟ್ಟೆ” ಎಂದವನೇ ಬೆಂಚಿಗೆ ಹೋಗಿ ಕುಣಿತದ ಬೂಟು ಬಿಚ್ಚತೊಡಗಿದ. ಹೀಗೆ ಎದ್ದುಹೋದ ಹೊಸಬರು ಮರಳಿದ್ದನ್ನು ನಾನು ಕಂಡಿಲ್ಲ. ನೋಡಿದಿರಾ, ಮಹಾಶಯರೇ, ನನ್ನ ಪಾಪವನ್ನು ಅವನು ತಲೆಮೇಲೆ ಹೊತ್ತು ಹಿಮದಲ್ಲಿ ಮನೆಗೆ ಹೊರಟಿದ್ದ.

“ತಪ್ಪು ನಂದೇ ಕಣ್ರೀ” ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ನಾನೂ ಸಜ್ಜನರ ಸಾಲಿಗೆ ಸೇರುತ್ತಿದ್ದೆ. ಆದರೆ ನನ್ನ ನೆಗಡಿ, ಹೊಸ ಕನ್ನಡಕ, ಮಧ್ಯಾಹ್ನ ತಿಂದ ಬೀನ್ಸು, ಇವೆಲ್ಲವನ್ನೂ ಸಾಕ್ಷಿಗೆ ಕರೆದು ಕ್ಷಮೆಯ ಪುರಾಣ ಬಿಚ್ಚಿದೆ, ತಾವು ಅದನ್ನೂ ಭಕ್ತಿಯಿಂದ ಬಿತ್ತರಿಸಿದಿರಿ. ನಾರ್ಮಂಡ್ ಒಂದು ಕಾಲಿಗೆ ಹಿಮದ ಬೂಟು ಏರಿಸಿಯೇಬಿಟ್ಟ.

“ರೀ, ಸಾಕ್ ಮಾಡ್ರೀ ನಿಮ್ ಹರಿಕಥೆ! ಗಿರಕಿ ಹೊಡೀರಿ ಅನ್ನಿ, ಆ ಹುಡುಗ ಹೊರಟೇ ಹೋಗ್ತಾನೆ!” ಎಂದು ಅರ್ಡಿಸ್ ಕೆಳಗಿನಿಂದ ಅರಚಿದಳು. ನಾನು ಕೂಗಿದೆ: “ಎದುರಿಗೆ ಯಾರಿದಾರೋ ಅವರನ್ನೇ ಹಿಡ್ಕೊಂಡು ಗಿರಕಿ ಹೊಡೀರಿ!” ಪಿಟೀಲು ಎದ್ದಿತು. ಅರ್ಡಿಸ್ ಬೆಂಚಿನ ಬಳಿಗೆ ಓಡಿ ನಾರ್ಮಂಡನನ್ನು ಎಳೆದುಕೊಂಡು, “ಬಾರಪ್ಪಾ, ಅವರ ತಪ್ಪು ಅವರಿಗಿರ್ಲಿ, ಮನೇಲೂ ಹಿಂಗೇ” ಎಂದಳು. ಕಾಲಿಗೊಂದು ಬಗೆಯ ಬೂಟಿನಲ್ಲೇ ಅವನು ತಿರುಗಿದ, ಆಮೇಲೆ ನಕ್ಕ. ಅಬ್ಬಾ, ನನಗೆ ಉಸಿರು ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಇನ್ನು ಮುಂದೆ ನಾನು ತಪ್ಪು ಹೇಳಿದರೂ ತಾವು ಸರಿಯಾದದ್ದನ್ನೇ ಕೇಳಿಸಬೇಕು. ಅದು ಆಗದಿದ್ದರೆ, ‘ತಪ್ಪು ನಂದೇ’ ಎಂಬ ಮಾತಿನ ಮರುಕ್ಷಣವೇ ದಯವಿಟ್ಟು ಕೆಟ್ಟು ನಿಲ್ಲಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಎವರೆಟ್ ಕ್ವಿಂಬಿ

ಮರೆತಿದ್ದು: ಈ ತಿಂಗಳು ನಾರ್ಮಂಡ್ ತನ್ನ ತಂಗಿಯನ್ನೂ ಮೂವರು ಗೆಳೆಯರನ್ನೂ ಕರೆತಂದಿದ್ದ. ನಾನು ಒಂದೇ ಒಂದು ತಪ್ಪಿಲ್ಲದೆ ಕೂಗಿದೆ. ಕೊನೆಗೆ ಅವನು ವೇದಿಕೆಯ ಬಳಿ ಬಂದು, “ಸಾರ್, ಆ ಗಂಡ-ಹೆಂಡ್ತಿ ಎಲ್ಲಾ ಕಲಸಿಹೋಗೋ ಡ್ಯಾನ್ಸ್ ಯಾವಾಗ? ಅದನ್ನ ತೋರಿಸೋಕಂತಾನೇ ಇವರನ್ನ ಕರ್ಕೊಂಡ್ಬಂದೆ” ಎಂದು ಕೇಳಿದ. ಅದನ್ನೂ ತಾವು ಇಡೀ ಸಭೆಗೆ ಕೇಳಿಸಿದಿರಿ.